ಗೂನುಗುಮ್ಮನ ಒಳಗೆ

ಆ ಗುಮ್ಮ ನಾನೇ.
ಈಗ ಹೇಳಿದರೆ ಯಾರೂ ನಂಬುವುದಿಲ್ಲ:
ಸಕ್ಕರೆ ಕಾರ್ಖಾನೆ ಗೇಟಿನಲ್ಲಿ ಲಾರಿ ತೂಕ ಬರೆಯುವ
ಈ ಬೊಜ್ಜಿನ, ಬೋಳುತಲೆಯ ಗುಮಾಸ್ತ
ಎಂಬತ್ತಾರರಲ್ಲಿ ಒಂದು ಗೋಣಿಚೀಲದೊಳಗೆ
ಪೂರಾ ಹಿಡಿಸುತ್ತಿದ್ದ ಎಂದರೆ.

ಬಂಡವಾಳ ಬೆಲ್ಲದ ಮಂಡಿ ಬೋರಲಿಂಗಣ್ಣನದು.
ಆ ವರ್ಷ ಮಂಡ್ಯದಲ್ಲಿ ಬೆಲ್ಲಕ್ಕೆ ಬೆಲೆ ಬಂದಿತ್ತು, ಅಷ್ಟೇ ಕಾರಣ.
ನಿರ್ದೇಶಕರು ಮೈಸೂರಿನವರು, ಬಿಳಿ ಟೋಪಿ,
ಕೈಯಲ್ಲೊಂದು ತಗಡಿನ ಕಹಳೆ;
ಎದುರಿಗೆ ನಿಂತವನಿಗೂ ಅದರಲ್ಲೇ ಕೂಗುವರು.
ಕಥೆ ಇಷ್ಟು: ಗಾಣದ ಮನೆಯ ಒಲೆಯೊಳಗಿಂದ
ಅಮಾವಾಸ್ಯೆಗೊಮ್ಮೆ ಗುಮ್ಮ ಎದ್ದು ಬರುತ್ತದೆ,
ಬೆಲ್ಲ ಕದಿಯುತ್ತದೆ, ಎತ್ತಿನ ಬಾಲಕ್ಕೆ ಎತ್ತಿನ ಬಾಲ ಗಂಟು ಹಾಕುತ್ತದೆ,
ಮಲಗಿದವರ ಅರ್ಧ ಮೀಸೆ ಬೋಳಿಸುತ್ತದೆ.
ಆಮೇಲೆ, ಯಾಕೋ, ಕೊಲ್ಲಲು ಶುರು ಮಾಡುತ್ತದೆ.
ಯಾಕೆ ಸಾರ್, ಅಂತ ಕೇಳಿದ್ದೆ.
"ಇಂಟರ್‌ವಲ್ ಆದ ಮೇಲೆ ಕೊಲ್ಲಲೇಬೇಕು ಕಣಯ್ಯ"
ಎಂದಿತು ಕಹಳೆ.

ಟೈಲರ್ ಮುನೀರ್ ಸಾಬರು ನನ್ನ ಅಳತೆ ತೆಗೆದರು,
ಹಬ್ಬದ ಅಂಗಿಗೆ ತೆಗೆದ ಹಾಗೇ, ಪ್ರೀತಿಯಿಂದ.
ಗೋಣಿಯ ಮೈ, ತೆಂಗಿನ ನಾರಿನ ಕೂದಲು,
ಬೆನ್ನಿಗೆ ಗೂನಾಗಿ ಒಂದು ಸೋರೆಬುರುಡೆ,
ಕಣ್ಣಿಗೆ ಎರಡು ಕೆಂಪು ಸೈಕಲ್ ರಿಫ್ಲೆಕ್ಟರು.
ನೋಡಲು ಕಿಂಡಿ ಇದ್ದದ್ದು ಬಾಯಲ್ಲಿ.
ಲೋಕವನ್ನು ಆ ತಿಂಗಳು ಪೂರ್ತಿ
ಹಲ್ಲುಗಳ ಸಂದಿಯಿಂದ ಕಂಡೆ.

ದಿನಕ್ಕೆ ಐದು ರೂಪಾಯಿ, ಒಂದು ಖಾಲಿ ದೋಸೆ.
ಸ್ಕೂಲಿಗೆ ಚಕ್ಕರ್. ಅವ್ವನಿಗೆ ಗೊತ್ತಿಲ್ಲ.
ಮೈಯೆಲ್ಲ ಗೋಣಿ ಕಡಿದು ದದ್ದು ಎದ್ದರೆ
"ಕಬ್ಬಿನ ಗದ್ದೇಲಿ ಆಡ್ದೆ ಕಣವ್ವ."
ಅವಳು ಹರಳೆಣ್ಣೆ ಸವರುವಳು, ಬೈಯುತ್ತ,
ನನ್ನನ್ನಲ್ಲ, ಕಬ್ಬನ್ನು.

ಹೊಗೆ ಬೇಕೆಂದರೆ ಹಸಿ ರಚ್ಚಿಗೆ ಬೆಂಕಿ.
ಮಿಂಚು ಬೇಕೆಂದರೆ ವೆಲ್ಡಿಂಗ್ ಚನ್ನಪ್ಪಾಜಿ.
ರಕ್ತಕ್ಕೆ ಎಳೆಪಾಕದಲ್ಲಿ ಕದಡಿದ ಕುಂಕುಮ.
ಮೊದಲ ಕೊಲೆಯ ದಿನ
ಹೆಣವಾಗಿ ಬಿದ್ದಿದ್ದ ನಾಟಕದ ಕಮಲಾಕ್ಷಮ್ಮ
ಕ್ಯಾಮೆರಾ ತಿರುಗುತ್ತಿದ್ದಂತೆಯೇ ಎದ್ದು ನಾಲೆಗೆ ಓಡಿದರು,
ಕುತ್ತಿಗೆ ತುಂಬ ಕಟ್ಟಿರುವೆ.
ರೀಲು ದುಬಾರಿ. ಅದನ್ನೂ ಉಳಿಸಿಕೊಂಡರು.
ಜನ ನಿಜವಾಗಿ ಕಿರುಚಿದ್ದು ಅಲ್ಲಿ ಮಾತ್ರ.

ಟೆಂಟಿನಲ್ಲಿ ನಾಲ್ಕೇ ದಿನ ಓಡಿತು.
ಮೂರನೇ ದಿನ ಅವ್ವ, ನಾಟಿ ಮುಗಿಸಿದ ಕೂಲಿಯಲ್ಲಿ
ಕೆಸರು ಆರದ ಕಾಲಲ್ಲೇ ನನ್ನನ್ನು ಕರೆದೊಯ್ದಳು.
ನೆಲದ ಟಿಕೀಟು. ಮರಳ ಮೇಲೆ ಕೂತೆವು.
ಒಲೆಯ ಬಾಯಿಂದ ನಾನು ಎದ್ದು ಬಂದೆ,
ನನ್ನ ತಲೆಗೆ ಫಕ್ಕನೆ ಸೆರಗು ಬಿತ್ತು.
"ನೋಡ್ಬ್ಯಾಡ ಕಣ್ ಮಗ, ನೋಡ್ಬ್ಯಾಡ."
ಎದೆಗೆ ಅವುಚಿಕೊಂಡಳು, ಒಳಗೆ ಗಾಣದ ಎಂಜಿನ್ನು ಓಡುತ್ತಿತ್ತು;
ಹಳೇ ನೂಲಿನ ಸಂದಿಯಿಂದ
ನಾನು ನನ್ನನ್ನು ನೋಡುತ್ತಿದ್ದೆ.

ನಾನೇ ಕಣವ್ವ ಅದು, ಎಂಬ ಮಾತು
ತುಟಿಯವರೆಗೂ ಬಂತು. ಹೇಳಲಿಲ್ಲ.
ಏಟಿನ ಭಯಕ್ಕಲ್ಲ.
ಯಾರಾದರೂ ನನ್ನನ್ನು ಕಂಡು ಹೆದರಿದ್ದು ಅದೇ ಮೊದಲು,
ನನಗಾಗಿ ಹೆದರಿದ್ದೂ.

ಮರುವರ್ಷ ಬೆಲ್ಲ ಬಿತ್ತು.
ಬೋರಲಿಂಗಣ್ಣನ ಹೊಸ ಮನೆ ಲಿಂಟಲ್ ಮಟ್ಟಕ್ಕೇ ನಿಂತಿತು,
ದೃಷ್ಟಿಗೆಂದು ಕಂಬಕ್ಕೆ ಕಟ್ಟಿದ್ದು ನನ್ನ ತಲೆ.
ಗೋಣಿ ಕೊಳೆಯಿತು, ನಾರನ್ನು ಗುಬ್ಬಿ ಒಯ್ದವು.
ನೈಟ್ ಶಿಫ್ಟಿನಲ್ಲಿ ಈಗಲೂ ಲಾರಿ ತಿರುವು ತಗೊಂಡರೆ
ಬೇಲಿಯಾಚೆ ಎರಡು ಕೆಂಪು
ಹೊತ್ತಿಕೊಂಡು ಆರುತ್ತವೆ.
ನಾನು ತೂಕ ಬರೆಯುತ್ತೇನೆ.
ಕೊನೆಯ ಮೂರು ದಿನದ ಕೂಲಿ ಇನ್ನೂ ಬರಬೇಕು.

ಅವ್ವ ಒಮ್ಮೆ, ಎಷ್ಟೋ ವರ್ಷದ ಮೇಲೆ,
ಮೊರದಲ್ಲಿ ರಾಗಿ ಕೇರುತ್ತ,
ತಲೆ ಎತ್ತದೇ ಅಂದಳು:
"ಆ ಗುಮ್ಮಂಗೂ ನಿನ್ನಂಗೇ ಕಣ್ಲಾ,
ಎಡಗಾಲು ಒಸಿ ಎಳೀತಿತ್ತು."
ಕಲ್ಲೊಂದು ಸಿಕ್ಕಿತು. ತೆಗೆದು ಎಸೆದಳು.
ಮತ್ತೆ ಕೇರತೊಡಗಿದಳು.