ಗೇಣಷ್ಟು ಹೊರಗೆ

ಇನ್ನೂರ ಹನ್ನೊಂದು ಹೋಮ್ ರನ್, ಎಲೀಹಿಯೊ,
ಯಾವುದು ನೆನಪಿದೆ ಅಂದರೆ
ಲೋಟದ ತಳ ನೋಡುತ್ತಾನೆ.

ಅವೆಲ್ಲ ಟೀವಿಯವರ ಹತ್ತಿರ ಇವೆ, ಬಿಡು.
ಕೈಗೆ ನೆನಪಿರುವುದು ಡೆಟ್ರಾಯ್ಟಿನ ಏಪ್ರಿಲ್ ಚಳಿ:
ಬ್ಯಾಟು ಮುರಿಯಿತು, ಚೆಂಡು ತೆವಳಿತು,
ಎದ್ದೆನೋ ಬಿದ್ದೆನೋ ಎಂದು ಓಡಿ ಬೇಸ್ ಮುಟ್ಟಿದೆ.
ಅದೇ ನನ್ನ ಮೊದಲನೆಯದು.
ವಾರವಿಡೀ ಬೆರಳೊಳಗೆ ಜೇನುನೊಣ.

ಇನ್ನೊಂದು, ಒಂಬತ್ತನೇ ಇನ್ನಿಂಗ್ಸ್, ಮೂರೂ ಬೇಸ್ ಭರ್ತಿ.
ಬಾರಿಸಿದೆ ನೋಡು, ದೀಪದ ಕಂಬ ದಾಟಿ ಹೋಯಿತು!
ಅತ್ತ ಸಾನ್ ಪೇದ್ರೊದಲ್ಲಿ
ರೇಡಿಯೊ ಚೀರಿತು, ಅಮ್ಮ ಬಾಣಲೆ ಬಡಿಯುತ್ತ ಬೀದಿಗಿಳಿದಳು.

ಚೆಂಡು ಬಿದ್ದದ್ದು ಗೆರೆಯಿಂದ ಗೇಣಷ್ಟು ಹೊರಗೆ.
ಮುಂದಿನ ಎಸೆತಕ್ಕೆ ನಾನು ಔಟು.

ಅಮ್ಮನಿಗೆ ಗೊತ್ತಾಗಲಿಲ್ಲ.
ಚೆಂಡು ಗಾಳಿಯಲ್ಲಿದ್ದಾಗಲೇ ಊರಿನ ಕರೆಂಟು ಹೋಗಿತ್ತು;
ಬಂದದ್ದು ಬೆಳಗ್ಗೆ,
ಬೀದಿಯೆಲ್ಲ ಕುಣಿದು ಮಲಗಿದ ಮೇಲೆ.