ಹದಿನಾಲ್ಕು ಗಂಟು

ಬಗಲಿನ ಕೊಬ್ಬನ್ನು ಬೆರಳಲ್ಲೇ ಹಿಚುಕುತ್ತಾ
ಗಂಟು ಹುಡುಕಿದೆ. ಹದಿನಾಲ್ಕು.
ಚೀಟಿಯಲ್ಲಿ: ಖಮರುನ್ನೀಸಾ, ೪೭, ಶಿಡ್ಲಘಟ್ಟ.
ರೇಷ್ಮೆ ಬಿಚ್ಚಾಣಿಕೆ ಕೆಲಸ, ಅಂದಳು ಸೀಸೆ ತಂದ ತಂಗಿ;
ಅಕ್ಕ ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ
ಒಳಗೆ ಹುಳ ಬದುಕಿದೆಯೇ ಹೇಳಬಲ್ಲಳಂತೆ.

ನನಗೆ ಆ ಕಿವಿಯಿಲ್ಲ.
ಕೋಲಾರದ ಈ ಕೋಣೆಯಲ್ಲಿ
ಗಾಜಿನ ಮೇಲೆ ನಿಂತುಹೋದ ನೀಲಿ ಚುಕ್ಕೆಗಳು.
ಎಣಿಸುತ್ತೇನೆ, ಟಿಕ್ ಟಿಕ್,
ಕರೆಂಟು ಹೋದರೆ ಮೊದಲಿಂದ.

ಮೂರು ಗಂಟಿಗೆ ರೋಗ ಬಂದಿದೆ.
ನಾಲ್ಕನೆಯದಕ್ಕೆ ಇನ್ನೂ ಇಲ್ಲ,
ಸುದ್ದಿ ಮಾತ್ರ ಮುಟ್ಟಿದೆ:
ನಡುರಾತ್ರಿ ಯಾರೋ ಬಾಗಿಲು ಬಡಿದ ಕೇರಿಯ ಹಾಗೆ
ಒಳಗೆಲ್ಲ ದೀಪ ಹೊತ್ತಿಸಿ
ಕಾವಲಿನವರು ಎದ್ದು ಕೂತಿದ್ದಾರೆ,
ಕತ್ತರಿ ಬೀಳುವ ಗಳಿಗೆಯವರೆಗೂ.

ವರದಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ.
೩/೧೪ ಎಂದು ಬರೆದೆ.
ಅಂಚಿನಲ್ಲಿ, ಪೆನ್ಸಿಲಿನಿಂದ,
ಸಣ್ಣಗೆ: ಎಚ್ಚರವಿದ್ದರು.