ಒಗಿಯೂದು

ಬನಹಟ್ಟಿಯ ಹಳೇ ಬಣ್ಣದ ಮನೆಯ ಬಯಲಿನಲ್ಲಿ
ಮೊಣಕಾಲುದ್ದ ತೂತು ಕೊರೆದು
ಇಪ್ಪತ್ತೊಂದು ಚೀಲ ಮಣ್ಣು ತೆಗೆದೆವು.
ಚೀಲಕ್ಕೆ ನಂಬರು ಬರೆಯುವ ಕೆಲಸ ನನ್ನದು,
ದಿನಕ್ಕೆ ನಾನೂರು, ಮಧ್ಯಾಹ್ನ ಒಂದು ಚಹಾ.

ಮೇಲೆ ಒಂದು ಗೇಣು ಎರೆ.
ಅದರ ಕೆಳಗೆ ಗುಲಾಬಿ.
ಅದರ ಕೆಳಗೆ, ಯಾವ ವರ್ಷದ್ದೋ, ಗಿಳಿಹಸಿರು.
ಆಮೇಲೆ ಹೆಸರಿಲ್ಲದ ಒಂದು ಬಣ್ಣ,
ಅಪ್ಪನ ಉಗುರಿನ ಸಂದಿಯಲ್ಲಿ ಇರುತ್ತಿತ್ತು,
ಮಣ್ಣಿಗಿಡುವ ಮೊದಲು ಮೀಯಿಸಿದಾಗಲೂ
ಬಿಟ್ಟಿರಲಿಲ್ಲ.
ಹದಿನಾಲ್ಕನೆಯ ಚೀಲ. ನಂಬರು ಸೊಟ್ಟಗಾಯಿತು.

ವರದಿ ಬರಲು ಮೂರು ತಿಂಗಳು.
ಸಭೆ ಎಂಟನೇ ನಂಬರ ಶಾಲೆಯಲ್ಲಿ.
ಮಗ್ಗ ನಿಲ್ಲಿಸಿ ಬಂದವರ ಕಿವಿಯಲ್ಲಿ
ಇನ್ನೂ ಖಟಖಟ; ಎಲ್ಲರೂ ತುಸು ಜೋರಾಗಿಯೇ ಮಾತಾಡಿದರು.
ಹುಲ್ಲೋಳಿ ಸಾಹೇಬರು ಎರಡು ಬೆಂಚು ಕೂಡಿಸಿ
ನಕಾಶೆ ಹಾಸಿದರು:
ಇಲ್ಲಿ ಉದ್ಯಾನ, ಇಲ್ಲಿ ವಾಚನಾಲಯ,
ಮುಂಜಾನೆ ಅಡ್ಡಾಡುವವರಿಗೆ ಹಾದಿ.
ಹಸಿರು ಸ್ಕೆಚ್ ಪೆನ್ನು ಒತ್ತಿ ಒತ್ತಿ ಹಚ್ಚಿದ್ದರು,
ಹಾಳೆಯ ಬೆನ್ನಿಗೂ ಇಳಿದಿತ್ತು.

"ಬೋರಿನ ನೀರು?"
"ಅದು ಎರಡನೇ ಹಂತದಾಗ ಬರ್ತೈತಿ."
ನೀರೋ, ಹಂತವೋ, ಯಾರೂ ಕೇಳಲಿಲ್ಲ.

ಕಂಡಿಕಿ ಸುತ್ತುವ ತುಳಜವ್ವ ಎದ್ದಳು.
"ಆ ಕೆಟ್ಟ ಮಣ್ಣು ಏನ ಮಾಡ್ತೀರಿ?"
"ಒಗೀತೀವಿ, ಯವ್ವಾ."
ನಮ್ಮ ಕಡೆ ಒಗೆಯುವುದೆಂದರೆ ಎರಡು:
ಕಲ್ಲಿಗೆ ಬಡಿದು ಅರಿವೆಯ ಕೊಳೆ ತೆಗೆಯುವುದು,
ಎತ್ತಿ ಅತ್ತ ಎಸೆಯುವುದು.
"ಇದು ಯಾವ ಒಗಿಯೂದರೀ?"
ನಕ್ಕರು. ಸಾಹೇಬರೂ ನಕ್ಕರು.
ಸೆರಗಿಗೆ ಅಂಟಿದ ದಾರ ಬಿಡಿಸುತ್ತ
ಅವಳು ನಿಂತೇ ಇದ್ದಳು.

"ಊರ ಹೊರಗ ಒಂದು ತೆಗ್ಗು ನೋಡೇವಿ."
"ಊರ ಹೊರಗ ನನ್ನ ಮಗಳ ಮನಿ ಐತಿ."

ತೋರಿಸು ಅಂದರು. ಪೆನ್ನು ಕೊಟ್ಟರು.
ಅವಳು ಬಣ್ಣದ ಮನೆಯ ಮೇಲೆ ಬೆರಳಿಟ್ಟು ಹೊರಟಳು,
ವಾಚನಾಲಯ ದಾಟಿ, ಹಾದಿ ದಾಟಿ, ದಿಕ್ಕು ತೋರುವ ಬಾಣ ದಾಟಿ.
ಹಾಳೆ ಮುಗಿಯಿತು.
ಬೆರಳು ನಿಲ್ಲಲಿಲ್ಲ.
ಬೆಂಚಿನ ಕಟ್ಟಿಗೆಯ ಮೇಲೆ,
ಯಾರೋ ಹುಡುಗ ಕೊರೆದ ಹೆಸರಿನ ಪಕ್ಕ,
ಹಸಿರು ಚುಕ್ಕಿ ಒಂದು ಇಟ್ಟಳು.
"ಇಲ್ಲಿ."

ನಡಾವಳಿಯಲ್ಲಿ ಗುಮಾಸ್ತ ಬರೆದದ್ದು ಒಂದೇ ಶಬ್ದ: ಚರ್ಚಿಸಲಾಯಿತು.
ನಕಾಶೆ ಸುರುಳಿ ಸುತ್ತಿ ಜೀಪಿನಲ್ಲಿಟ್ಟು ಒಯ್ದರು.

ಮರುದಿನ ಮೂರನೇತ್ತೆಯ ನನ್ನ ತಂಗಿಯ ಮಗ
ಆ ಚುಕ್ಕಿಗೆ ಉಗುಳು ಹಚ್ಚಿ
ಅಂಗೈಯಿಂದ ಉಜ್ಜಿ ಉಜ್ಜಿ ನೋಡಿದನಂತೆ.
ಮನೆಗೆ ಬಂದು ಅಜ್ಜನ ಹಾಗೇ ಹುಬ್ಬೇರಿಸಿ ಅಂದ:
ಪಕ್ಕಾ ಬಣ್ಣ, ಮಾಮಾ.
ಹೋಗಂಗಿಲ್ಲ.